ಹಿಮ್ಮಡಿ ಊರದ ಕಾಲು: ಅಘನಾಶಿನಿ ದಡದ ಒಂದು ಪ್ರಕರಣ

ಹುಡುಗನಿಗೆ ಆಗ ನಾಲ್ಕು ವರ್ಷ ಎರಡು ತಿಂಗಳು. ಮನೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಅಳಿವೆಗೆ ಹತ್ತಿರ. ತಂದೆ ಬೋಟಿನ ಕೆಲಸಕ್ಕೆ ಹೋಗುವವರು. ಮೀನಿನ ಹಂಗಾಮಿನಲ್ಲಿ ಎಷ್ಟೋ ದಿನ ಮನೆಗೆ ಬರುವುದಿಲ್ಲ. ಮಗುವಿನ ಆರೈಕೆಯೆಲ್ಲ ತಾಯಿ ಮತ್ತು ಅಜ್ಜಿಯದು. ಜನವರಿಯಲ್ಲಿ ಫಿಸಿಯೋಥೆರಪಿಸ್ಟ್ ಮೊದಲ ಸಲ ಮನೆಗೆ ಬಂದಾಗ ತಾಯಿ ಹೇಳಿದ್ದು ಇಷ್ಟೇ: ‘‘ಹೊಸ ಬೂಟು ಹಾಕಿದ್ರೆ ಅಳ್ತಾನೆ, ತೆಗೆದ್ರೆ ಬೆರಳ ಮೇಲೆ ನಿಲ್ತಾನೆ. ಎಂತ ಮಾಡೂದು ಹೇಳಿ.’’ ಬೂಟು ಎಂದರೆ ಪಾದವನ್ನೂ ಮೀನಖಂಡವನ್ನೂ ಹಿಂದಿನಿಂದ ಹಿಡಿದಿಡುವ ಪ್ಲಾಸ್ಟಿಕ್ ಎಎಫ್‌ಒ. ಆ ಅಳುವಿನ ಕಾರಣ ಹುಡುಕುತ್ತ ಹೋದದ್ದೇ ಈ ಪ್ರಕರಣದ ಅರ್ಧ ಭಾಗ.

ಈ ಹುಡುಗ ಗುರುತು ಹಿಡಿಯಬಹುದಾದ ಒಂದು ಮಗುವಲ್ಲ. ಕರಾವಳಿಯ ಮನೆಗಳಲ್ಲಿ ಈ ಬಗೆಯ ಸೆರೆಬ್ರಲ್ ಪಾಲ್ಸಿ (ಸಿಪಿ, ಎಳವೆಯಲ್ಲೇ ಮಿದುಳಿಗಾದ ಗಾಯದಿಂದ ಚಲನೆ ಕುಂಠಿತವಾಗುವ ಸ್ಥಿತಿ) ಇರುವ ಮಕ್ಕಳೊಡನೆ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಮಗುವಿನ ಒಂಬತ್ತು ತಿಂಗಳಾಗಿ ಕೂಡಿಸಿದೆ. ಅಳತೆಗಳೂ ಅಂಥ ಮಕ್ಕಳಲ್ಲಿ ಕಾಣುವಂಥವೇ.

ಹಿನ್ನೆಲೆ

ಹುಟ್ಟಿದ್ದು 30ನೇ ವಾರಕ್ಕೆ, ತೂಕ 1.3 ಕಿಲೋ. ಐದು ವಾರ ನವಜಾತ ಶಿಶುಗಳ ಐಸಿಯುನಲ್ಲಿ. ಒಂಬತ್ತು ತಿಂಗಳಾದರೂ ಕೂರಲಿಲ್ಲ, ಎತ್ತಿ ನಿಲ್ಲಿಸಿದರೆ ಕಾಲು ಕತ್ತರಿಯಂತೆ ಒಂದರ ಮೇಲೊಂದು ಬರುತ್ತಿತ್ತು. ಎಂಆರ್‌ಐ ತೆಗೆದಾಗ ಮಿದುಳಿನ ಕುಹರಗಳ ಸುತ್ತಲ ಬಿಳಿ ಭಾಗಕ್ಕೆ ಪೆಟ್ಟಾಗಿದ್ದು ಕಂಡಿತು. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚಾಗಿ ಘಾಸಿಯಾಗುವುದು ಈ ಜಾಗವೇ. ಕಾಲಿಗೆ ಆಜ್ಞೆ ಒಯ್ಯುವ ನರತಂತುಗಳು ಕುಹರಕ್ಕೆ ಅಂಟಿದಂತೆ ಹಾದುಹೋಗುತ್ತವೆ, ಕೈಯವು ಸ್ವಲ್ಪ ದೂರದಲ್ಲಿ. ಹಾಗಾಗಿ ಈ ಹುಡುಗನ ಕೈ, ಮಾತು, ಗ್ರಹಿಕೆ ಚೆನ್ನಾಗಿವೆ. ಎರಡೂ ಕಾಲು ಬಿಗಿ. ಇದಕ್ಕೆ ಸ್ಪಾಸ್ಟಿಕ್ ಡೈಪ್ಲೀಜಿಯಾ ಎನ್ನುತ್ತಾರೆ.

ಮಿದುಳಿನ ಗಾಯ ಬೆಳೆಯುವುದಿಲ್ಲ. ಬೆಳೆಯುವುದು ಮಗು. ಮೂಳೆ ಉದ್ದವಾಗುವ ವೇಗಕ್ಕೆ ಬಿಗಿಯಾದ ಸ್ನಾಯು ಉದ್ದವಾಗುವುದಿಲ್ಲ, ಆದ್ದರಿಂದ ಎರಡನೇ ವಯಸ್ಸಿನಲ್ಲಿ ಸುಲಭವಾಗಿ ಮಡಚುತ್ತಿದ್ದ ಪಾದ ನಾಲ್ಕಕ್ಕೆ ಬರುವಷ್ಟರಲ್ಲಿ ಮಡಚದಂತಾಗುತ್ತದೆ. ಆದರೆ ಬಂದಿದ್ದ ಕೌಶಲವೇ ಹೋಗುತ್ತಿದ್ದರೆ, ಅಥವಾ ಬೆಳಗ್ಗೆ ಚೆನ್ನಾಗಿ ನಡೆದ ಮಗು ಸಂಜೆಗೆ ನಿಲ್ಲಲಾರದಂತಾಗಿ ನಿದ್ದೆಯ ನಂತರ ಮತ್ತೆ ಸರಿಯಾಗುತ್ತಿದ್ದರೆ ಅದು ಸಿಪಿ ಅಲ್ಲದಿರಬಹುದು. ಅಂಥ ಮಗುವನ್ನು ವ್ಯಾಯಾಮಕ್ಕೆ ಕೂರಿಸುವ ಮೊದಲು ಮಕ್ಕಳ ನರರೋಗ ತಜ್ಞರಿಗೆ ತೋರಿಸಬೇಕು. ಇಂಥ ಏರಿಳಿತ ಕಾಣುವ ಒಂದು ಕಾಯಿಲೆ ಡೋಪಾ ಎಂಬ ಔಷಧಕ್ಕೆ ಸ್ಪಂದಿಸುವ ಡಿಸ್ಟೋನಿಯಾ (ಸ್ನಾಯು ತಾನಾಗಿ ಸೆಟೆಯುವ ತೊಂದರೆ), ಅದಕ್ಕೆ ಮಾತ್ರೆಯೇ ಮದ್ದು. ಈ ಹುಡುಗನಲ್ಲಿ ಅಂಥ ಏರಿಳಿತ ಇರಲಿಲ್ಲ.

ಗೋಡೆ ಹಿಡಿದು ಅಡ್ಡಡ್ಡ ನಾಲ್ಕೈದು ಹೆಜ್ಜೆ ಹಾಕುತ್ತಿದ್ದ, ಮನೆಯೊಳಗೆ ಅಂಬೆಗಾಲು. ಕೈಯಲ್ಲಿ ಹಿಡಿಯುವ ಸಾಧನದ ಆಸರೆಯಿಂದ ಸಮತಟ್ಟು ನೆಲದಲ್ಲಿ ನಡೆಯಬಲ್ಲ ಮಗು ಎಂಬ ಲೆಕ್ಕದಲ್ಲಿ ಜಿಎಂಎಫ್‌ಸಿಎಸ್ ಮೂರನೇ ಹಂತ. 1997ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ ಮಾಡಿದ, ಚಲನಶಕ್ತಿಯ ಐದು ಹಂತಗಳ (ಒಂದು ಅತಿ ಹಗುರ, ಐದು ಅತಿ ತೀವ್ರ) ಈ ವಿಂಗಡಣೆಯನ್ನು ತಂದೆತಾಯಿಗೆ ಮೊದಲೇ ಬಿಡಿಸಿ ಹೇಳುವುದು ಒಳ್ಳೆಯದು. ಅದೇ ತಂಡ 2002ರಲ್ಲಿ ಪ್ರಕಟಿಸಿದ ಬೆಳವಣಿಗೆಯ ರೇಖೆಗಳ ಪ್ರಕಾರ ಮೂರನೇ ಹಂತದ ಮಕ್ಕಳು ತಮ್ಮ ಚಲನಶಕ್ತಿಯ ಶೇ. 90ರಷ್ಟನ್ನು ಸರಾಸರಿ 3.7 ವರ್ಷಕ್ಕೇ ಮುಟ್ಟಿರುತ್ತಾರೆ. ‘‘ಇನ್ನೆರಡು ವರ್ಷ ಎಣ್ಣೆ ತಿಕ್ಕಿದ್ರೆ ಓಡ್ತಾನೆ’’ ಎಂದು ಯಾರೋ ಕೊಟ್ಟ ಭರವಸೆಯಲ್ಲಿ ಈ ಮನೆಯಲ್ಲಿ ಹದಿನಾಲ್ಕು ತಿಂಗಳು ಕಳೆದಿತ್ತು. ಅವನು ಓಡುವುದು ಅನುಮಾನ. ವಾಕರ್ ಹಿಡಿದು ತಾನೇ ಬಚ್ಚಲಿಗೆ ಹೋಗಿಬರುವುದು, ಮಣೆಯಿಂದ ತಾನೇ ಏಳುವುದು, ಜಗಲಿಯ ಮೆಟ್ಟಿಲು ಇಳಿದು ಅಂಗಳಕ್ಕೆ ಬರುವುದು ಖಂಡಿತ ಸಾಧ್ಯ. ಮನೆಯವರ ಜೊತೆ ಕೂತು ಬರೆದ ಮೂರು ಗುರಿಗಳು ಇವೇ.

ಅಳತೆಯಲ್ಲಿ ಆದ ತಪ್ಪು

ಹಳೆಯ ಚೀಟಿಯಲ್ಲಿ ಪಾದದ ಮಡಚುವಿಕೆ ‘ಎರಡೂ ಕಡೆ ಸೊನ್ನೆ ಡಿಗ್ರಿ’ ಎಂದಿತ್ತು. ಅಂದರೆ ಕಾಲಿಗೆ ಪಾದ ಲಂಬವಾಗಿ ನಿಲ್ಲುತ್ತದೆ ಎಂದು ನಂಬಿ ಎಎಫ್‌ಒ ಅನ್ನು 90 ಡಿಗ್ರಿಗೆ ಮಾಡಲಾಗಿತ್ತು. ಮತ್ತೆ ಅಳೆದಾಗ ಸಿಕ್ಕಿದ್ದು ಬೇರೆ. ಮೊಣಕಾಲು ಮಡಚಿದಾಗ ಪಾದ ಲಂಬಕ್ಕಿಂತ ಹತ್ತು ಡಿಗ್ರಿ ಮೇಲಕ್ಕೆ ಬರುತ್ತಿತ್ತು. ಮೊಣಕಾಲು ನೇರ ಮಾಡಿ, ನಿಧಾನವಾಗಿ ಒತ್ತಿದರೆ ಬಲಗಾಲು ಲಂಬಕ್ಕೆ ಎಂಟು ಡಿಗ್ರಿ ಕಡಿಮೆ, ಎಡಗಾಲು ಐದು ಕಡಿಮೆ. ಬೇಗನೆ ಎತ್ತಿದರೆ ಬಲಗಡೆ ಲಂಬಕ್ಕೆ 25 ಡಿಗ್ರಿ ಇರುವಾಗಲೇ ಸ್ನಾಯು ಕಚ್ಚಿ ಹಿಡಿಯುತ್ತಿತ್ತು.

ಈ ಅಂಕಿಗಳಿಂದ ಎರಡು ವಿಷಯ ಗೊತ್ತಾಗುತ್ತದೆ. ಮೀನಖಂಡದ ಮೇಲಿನ ಸ್ನಾಯು ಗ್ಯಾಸ್ಟ್ರಾಕ್ನೀಮಿಯಸ್ ಮೊಣಕಾಲನ್ನೂ ದಾಟಿ ಹೋಗುತ್ತದೆ, ಅದರಡಿಯ ಸೋಲಿಯಸ್ ದಾಟುವುದಿಲ್ಲ. ಮೊಣಕಾಲು ಮಡಚಿದಾಗ ಸಡಿಲಾಗಿ ನೇರ ಮಾಡಿದಾಗ ಬಿಗಿಯುವುದಾದರೆ ಗಿಡ್ಡವಾಗಿರುವುದು ಮೇಲಿನದು. ಇನ್ನು ಬೇಗ ಎತ್ತಿದಾಗಿನ ಕೋನಕ್ಕೂ ನಿಧಾನವಾಗಿ ಎತ್ತಿದಾಗಿನ ಕೋನಕ್ಕೂ ಇರುವ ಅಂತರ ನರದ ಬಿಗಿತದ್ದು. ನಿಧಾನವಾಗಿ ಎತ್ತಿದರೂ ಸಿಗದ ಎಂಟು ಡಿಗ್ರಿ ಸ್ನಾಯು ನಿಜವಾಗಿಯೇ ಗಿಡ್ಡವಾದದ್ದರದ್ದು. ಮೊದಲನೆಯದಕ್ಕೆ ಔಷಧ, ಬಾಟುಲಿನಮ್ ಚುಚ್ಚುಮದ್ದು ಸ್ವಲ್ಪ ಕಾಲ ಕೆಲಸ ಮಾಡುತ್ತವೆ. ಎರಡನೆಯದಕ್ಕೆ ದೀರ್ಘ ಹೊತ್ತಿನ ಎಳೆತವೇ ಬೇಕು.

ಹಾಗಾದರೆ ಸೊನ್ನೆ ಎಲ್ಲಿಂದ ಬಂತು? ಪಾದದ ಮುಂಭಾಗವನ್ನು ಹಿಡಿದು ಮೇಲಕ್ಕೆ ಒತ್ತಿದರೆ ಹಿಮ್ಮಡಿ ಇದ್ದಲ್ಲೇ ಇದ್ದು ನಡುಪಾದ ಮಾತ್ರ ಬಾಗುತ್ತದೆ. ಕಣ್ಣಿಗೆ ಪಾದ ಲಂಬವಾದಂತೆಯೇ ಕಾಣುತ್ತದೆ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ತುಸು ಒಳಕ್ಕೆ ತಿರುಗಿಸಿದರೆ ನಡುಪಾದದ ಕೀಲುಗಳಿಗೆ ಬೀಗ ಬೀಳುತ್ತದೆ, ಆಮೇಲೆ ಒತ್ತಿದರೆ ಬರುವ ಕೋನವೇ ನಿಜ. ಈ ಒಂದು ಹಿಡಿತ ತಪ್ಪಿದ್ದರಿಂದ ಮುಂದಿನದೆಲ್ಲ ತಪ್ಪಿತ್ತು. 90 ಡಿಗ್ರಿಯ ಪ್ಲಾಸ್ಟಿಕ್ಕಿನೊಳಗೆ 98 ಡಿಗ್ರಿಯ ಕಾಲು ತುರುಕಿದಾಗ ಹಿಮ್ಮಡಿ ಒಳಗೇ ಮೇಲೇಳುತ್ತದೆ, ನಡುಪಾದ ಕೆಳಕ್ಕೆ ಕುಸಿದು ಒಳಬದಿಯ ಗಂಟುಮೂಳೆ ಪ್ಲಾಸ್ಟಿಕ್ಕಿಗೆ ಉಜ್ಜುತ್ತದೆ. ಹುಡುಗ ಅಳುತ್ತಿದ್ದದ್ದು ಹಟಕ್ಕಲ್ಲ. ಎಡಪಾದದ ಒಳಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕೆಂಪು ಗುರುತು ಇತ್ತು, ಅರ್ಧ ತಾಸಾದರೂ ಮಾಸಲಿಲ್ಲ.

ಮನೆಯಲ್ಲೇ ನೋಡಬಹುದಾದ ಪರೀಕ್ಷೆ ಒಂದಿದೆ. ಎಎಫ್‌ಒದ ಹಿಮ್ಮಡಿಯ ಜಾಗಕ್ಕೆ ಸ್ವಲ್ಪ ಟಾಲ್ಕಂ ಪೌಡರ್ ಹಾಕಿ, ಕಾಲುಚೀಲ ತೊಡಿಸಿ ಕಟ್ಟಿ, ಹತ್ತು ನಿಮಿಷ ನಿಲ್ಲಿಸಿ ತೆಗೆಯಿರಿ. ಚೀಲದ ಹಿಮ್ಮಡಿಗೆ ಪೌಡರ್ ಒತ್ತಿ ಅಂಟದಿದ್ದರೆ ಹಿಮ್ಮಡಿ ತಳ ಮುಟ್ಟಿಲ್ಲ ಎಂದರ್ಥ.

ಮೂರು ವಾರದ ಪ್ಲಾಸ್ಟರ್

ಆ ಎಎಫ್‌ಒವನ್ನು ಅಂದೇ ಕಟ್ಟಿಟ್ಟು, ಮೂಳೆ ತಜ್ಞರೊಡನೆ ಮಾತಾಡಿ ಫೆಬ್ರವರಿಯಲ್ಲಿ ಸರಣಿ ಪ್ಲಾಸ್ಟರ್ ಹಾಕಿಸಲು ನಿರ್ಧಾರವಾಯಿತು. ತಿಂಗಳು ಆರಿಸುವುದೂ ಇಲ್ಲಿ ಚಿಕಿತ್ಸೆಯ ಭಾಗ. ಜೂನ್ ನಂತರ ಕರಾವಳಿಯ ಮನೆಯಲ್ಲಿ ಯಾವುದೂ ಒಣಗುವುದಿಲ್ಲ, ಒದ್ದೆಯಾದ ಪ್ಲಾಸ್ಟರಿನೊಳಗೆ ಚರ್ಮ ಕೊಳೆಯುತ್ತದೆ. ಏಪ್ರಿಲ್–ಮೇಯಲ್ಲಿ ಬೆವರು. ಡಿಸೆಂಬರಿಂದ ಫೆಬ್ರವರಿಯವರೆಗೆ ಮಾತ್ರ ಮಗು ಅದನ್ನು ಸಹಿಸಿಕೊಂಡೀತು.

ಮೊಣಕಾಲ ಕೆಳಗಿನವರೆಗೆ ಪ್ಲಾಸ್ಟರ್, ವಾರಕ್ಕೊಮ್ಮೆ ಬದಲು, ಒಟ್ಟು ಮೂರು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಹಾಕಲು ಅನುಕೂಲವೆಂದು ಮಗುವನ್ನು ಬೋರಲು ಮಲಗಿಸಿ ಮೊಣಕಾಲು ಮಡಚಿ, ಆಗ ಸಿಗುವ ಹತ್ತು ಡಿಗ್ರಿಗೇ ಪಾದವನ್ನು ಕಟ್ಟಿಬಿಡುವುದು. ಮಗು ಎದ್ದು ಮೊಣಕಾಲು ನೇರ ಮಾಡಿದೊಡನೆ ಗ್ಯಾಸ್ಟ್ರಾಕ್ನೀಮಿಯಸ್ ಬಿಗಿದು ಹಿಮ್ಮಡಿಯನ್ನು ಪ್ಲಾಸ್ಟರಿನೊಳಗೇ ಮೇಲೆಳೆಯುತ್ತದೆ. ಹುಣ್ಣು ಆಗುವುದು ಆಗಲೇ. ಮಡಚಿಯೇ ಹಾಕಿದರೂ ಕೋನ ಮಾತ್ರ ಮೊಣಕಾಲು ನೇರವಿದ್ದಾಗ ಸಿಕ್ಕಿದ್ದೇ ಇರಬೇಕು, ಅದಕ್ಕಿಂತ ಒಂದೆರಡು ಡಿಗ್ರಿ ಕಡಿಮೆಯಾದರೂ ಅಡ್ಡಿಯಿಲ್ಲ. ಬಲಗಾಲಿನ ಮೊದಲ ಪ್ಲಾಸ್ಟರನ್ನು ಲಂಬಕ್ಕೆ ಹತ್ತು ಡಿಗ್ರಿ ಕಡಿಮೆಯಲ್ಲೇ ಹಾಕಲಾಯಿತು. ಹಾಗೆ ನಿಂತರೆ ಮಗು ಹಿಂದಕ್ಕೆ ಬೀಳುತ್ತದೆ, ಆದ್ದರಿಂದ ಹಿಮ್ಮಡಿಯಡಿ ಹಳೆ ಚಪ್ಪಲಿಯ ರಬ್ಬರಿನ ತುಂಡನ್ನು ಇಳಿಜಾರಾಗಿ ಕತ್ತರಿಸಿ ಕಟ್ಟಿದರು. ಪ್ಲಾಸ್ಟರ್ ಪೂರ್ತಿ ಒಣಗಿದ ಮೇಲೆ ನಿಲ್ಲಿಸಿ, ನಡೆಸಿದರು. ಭಾರ ಬಿದ್ದಷ್ಟೂ ಒಳ್ಳೆಯದು.

ತಾಯಿಗೆ ಕೊಟ್ಟ ಸೂಚನೆ: ಮೊದಲ ದಿನ ನಾಲ್ಕು ತಾಸಿಗೊಮ್ಮೆ ಬೆರಳು ನೋಡಿ. ಬೆಚ್ಚಗಿರಬೇಕು, ಆಡಬೇಕು, ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ತಿರುಗಬೇಕು. ಬೆರಳು ಊದಿದರೆ, ನೀಲಿಯಾದರೆ, ವಾಸನೆ ಬಂದರೆ, ಸಮಾಧಾನವಾಗದ ಅಳು ಶುರುವಾದರೆ ಬೆಳಗಿನ ಬಸ್ಸಿಗೆ ಕಾಯಬೇಡಿ, ಅಂದೇ ಕತ್ತರಿಸಿಸಿ. ಕೆರೆಯುತ್ತದೆಂದು ಕಡ್ಡಿ ತೂರಿಸಬೇಡಿ.

ಮೂರನೇ ವಾರ ಬಿಚ್ಚಿದಾಗ ಮೊಣಕಾಲು ನೇರವಿದ್ದು ಬಲಗಾಲು ಲಂಬ ದಾಟಿ ಐದು ಡಿಗ್ರಿ, ಎಡಗಾಲು ಆರು. ಬಾಟುಲಿನಮ್ ಬೇಕಾಗಲಿಲ್ಲ. ಆದರೆ ಪ್ಲಾಸ್ಟರಿನಲ್ಲಿದ್ದ ಮೀನಖಂಡ ಸೊರಗುತ್ತದೆ, ಕೋನ ಬಂತೆಂದು ಖುಷಿಪಟ್ಟು ಸುಮ್ಮನಾದರೆ ಆರು ವಾರದಲ್ಲಿ ಕಾಲು ಮತ್ತೆ ಮೊದಲಿನಂತೆ. ಅದೇ ದಿನ ಹೊಸ ಎಎಫ್‌ಒಗೆ ಅಚ್ಚು ತೆಗೆಸಿ, ಅದು ಬರುವ ತನಕ ಕೊನೆಯ ಪ್ಲಾಸ್ಟರನ್ನೇ ಉದ್ದಕ್ಕೆ ಎರಡು ಹೋಳು ಮಾಡಿ ಹಿಂಭಾಗವನ್ನು ರಾತ್ರಿ ಬಟ್ಟೆಯಿಂದ ಕಟ್ಟುವುದು ಸರಿಯಾದ ದಾರಿ. ಇಲ್ಲಿ ಹಾಗೇ ಮಾಡಿದ್ದು.

ಬೂಟು, ನೆಲ, ಚಪ್ಪಲಿ

ಹೊಸ ಎಎಫ್‌ಒ ಕೀಲು ಇಲ್ಲದ ಗಟ್ಟಿ ಬಗೆಯದು, ಪಾಲಿಪ್ರೊಪಿಲಿನ್ 3 ಮಿ.ಮೀ. ಕೀಲಿರುವುದು ನೋಡಲು ಚೆನ್ನ, ಆದರೆ ಈ ಹುಡುಗನ ತೊಡೆಯ ಹಿಂದಿನ ಸ್ನಾಯುವೂ ಬಿಗಿಯಿತ್ತು. ಕೀಲು ಸಡಿಲ ಬಿಟ್ಟರೆ ಮೊಣಕಾಲು ಬಗ್ಗಿಸಿ ಕುಕ್ಕರುಗಾಲಲ್ಲಿ ನಡೆಯುವ ಅಭ್ಯಾಸವಾಗುತ್ತದೆ. ಮೂರು ಪಟ್ಟಿಗಳಲ್ಲಿ ಮುಖ್ಯವಾದದ್ದು ಪಾದದ ಮಡಿಕೆಯ ಮೇಲೆ ಓರೆಯಾಗಿ ಹಿಮ್ಮಡಿಯ ಕಡೆಗೆ ಎಳೆಯುವುದು. ಅದನ್ನೇ ಮೊದಲು ಬಿಗಿಯಬೇಕು, ಮಗುವಿನ ಮೊಣಕಾಲು ಮಡಚಿರಬೇಕು. ಮೊದಲು ಮೀನಖಂಡದ ಪಟ್ಟಿ ಕಟ್ಟಿದರೆ ಹಿಮ್ಮಡಿ ಕೂರುವುದೇ ಇಲ್ಲ. ಶೂ ಹಾಕಿ ಬದಿಯಿಂದ ಮೊಬೈಲಿನಲ್ಲಿ ಫೋಟೋ ತೆಗೆದು ನೋಡಿದರೆ ಮೊಣಕಾಲ ಕೆಳಗಿನ ಕಾಲು ಲಂಬಕ್ಕಿಂತ 10–12 ಡಿಗ್ರಿ ಮುಂದಕ್ಕೆ ವಾಲಿರಬೇಕು. ವಾಲದಿದ್ದರೆ ಶೂ ಮತ್ತು ಎಎಫ್‌ಒ ನಡುವೆ ಹಿಮ್ಮಡಿಯಡಿ ರಟ್ಟಿನ ಪದರ ಸೇರಿಸುತ್ತ ಹೋಗಿ, ಸರಿ ಕಂಡ ದಪ್ಪಕ್ಕೆ ರಬ್ಬರ್ ಅಂಟಿಸುವುದು. ಮೊದಲ ದಿನ ಒಂದು ತಾಸು, ದಿನಕ್ಕೊಂದು ತಾಸು ಹೆಚ್ಚಿಸಿ ವಾರದ ಕೊನೆಗೆ ಏಳು ತಾಸು.

ಅಚ್ಚು ತೆಗೆಯುವವರ ತಲೆಗೆ ಹೊಳೆಯದ ಒಂದು ಸಂಗತಿ ನಮ್ಮ ಮನೆಗಳಲ್ಲಿದೆ. ಯಾರೂ ಒಳಗೆ ಚಪ್ಪಲಿ ಹಾಕುವುದಿಲ್ಲ. ನುಣುಪು ಕೆಂಪು ಸಿಮೆಂಟಿನ ಮೇಲೆ ಬರೀ ಪ್ಲಾಸ್ಟಿಕ್ ತಳ ಮಂಜುಗಡ್ಡೆಯಂತೆ ಜಾರುತ್ತದೆ. ಒಮ್ಮೆ ಬಿದ್ದ ಮಗು ಮತ್ತೆ ಬೂಟು ಕಂಡರೆ ಹೆದರುತ್ತದೆ. ಮನೆಯೊಳಗೆ ಮಾತ್ರ ಬಳಸಲು ಒಂದು ಜೊತೆ ಕ್ಯಾನ್ವಾಸ್ ಶೂ ಬೇರೆ ಇಡಿಸಿದರು, ಒಂದು ಸೈಜು ದೊಡ್ಡದು, ಒಳಗಿನ ಹಾಸು ತೆಗೆದದ್ದು. ‘‘ದೇವರ ಕೋಣೆ ಕಡೆಗೆ ಮಾತ್ರ ಬ್ಯಾಡ’’ ಎಂದರು ಅಜ್ಜಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಶೂ ಬೇಡವೇ ಬೇಡ ಎನ್ನುವ ಮನೆಯಲ್ಲಿ ಎಎಫ್‌ಒ ತಳಕ್ಕೇ ತೆಳು ರಬ್ಬರ್ ಹಾಳೆ ಅಂಟಿಸಬಹುದು, ಎರಡೂ ಕಾಲಿಗೆ ಒಂದೇ ದಪ್ಪ.

ಎಣ್ಣೆಯ ವಿಷಯ. ಅಜ್ಜಿ ದಿನಾ ಬೆಳಗ್ಗೆ ತೆಂಗಿನೆಣ್ಣೆ ತಿಕ್ಕಿ ಕಾಲು ಎಳೆಯುತ್ತಿದ್ದರು, ಹತ್ತು ಹದಿನೈದು ನಿಮಿಷ. ಮಗುವಿಗೆ ಅದು ಹಿತ, ಬಿಡಿಸುವ ಕಾರಣವಿಲ್ಲ. ಆದರೆ ಎಣ್ಣೆಗಾಲಿಗೆ ಎಎಫ್‌ಒ ಹಾಕಿದರೆ ಒಳಗೆ ಜಾರಿ ಬೊಬ್ಬೆ ಏಳುತ್ತದೆ, ಹಾಗಾಗಿ ಅದು ಸಂಜೆಯ ಸ್ನಾನದ ಮೊದಲಿಗೆ ಹೋಯಿತು. ಹತ್ತು ನಿಮಿಷದ ಎಳೆತದಿಂದ ಸ್ನಾಯು ಉದ್ದವಾಗುತ್ತದೆಂಬ ನಂಬಿಕೆಯನ್ನು ಮಾತ್ರ ಬಿಡಬೇಕಾಯಿತು. 1988ರಲ್ಲಿ ಫ್ರಾನ್ಸಿನ ತಾರ್ದಿಯೂ ಮತ್ತು ಸಂಗಡಿಗರು ಸಿಪಿ ಮಕ್ಕಳ ಸೋಲಿಯಸ್ ಸ್ನಾಯುವನ್ನು ಗಮನಿಸಿದಾಗ, ದಿನಕ್ಕೆ ಕನಿಷ್ಠ ಆರು ತಾಸು ಎಳೆತದಲ್ಲಿದ್ದ ಸ್ನಾಯು ಗಿಡ್ಡವಾಗಲಿಲ್ಲ, ಎರಡು ತಾಸಿನದು ಗಿಡ್ಡವಾಗುತ್ತ ಹೋಯಿತು. ಆ ಆರು ತಾಸನ್ನು ಯಾವ ಅಜ್ಜಿಯ ಕೈಯೂ ಕೊಡಲಾರದು. ಕೊಡಬೇಕಾದದ್ದು ಸರಿಯಾಗಿ ಕೂತ ಎಎಫ್‌ಒ ಮತ್ತು ನಿಂತುಕೊಂಡು ಕಳೆಯುವ ಹೊತ್ತು.

ಮಂಚದಿಂದ ನೆಲಕ್ಕೆ

ಮೊದಲು ಈ ಮನೆಯ ಫಿಸಿಯೋಥೆರಪಿ ಎಂದರೆ ಮಂಚದ ಮೇಲೆ ಮಲಗಿಸಿ ಒಂದು ತಾಸು ಕಾಲು ಆಡಿಸುವುದು. ಮಾಡುವವರು ದೊಡ್ಡವರು, ಮಗು ಸುಮ್ಮನೆ ಮಲಗಿರುತ್ತಿತ್ತು. ಕಲಿಯಬೇಕಾದದ್ದು ಮಗುವಿನ ಮಿದುಳು. ಮಗು ತಾನೇ ಯತ್ನಿಸದ ಚಲನೆಯಿಂದ ಅದಕ್ಕೆ ಸಿಗುವುದು ಬಹಳ ಕಡಿಮೆ. ಇತ್ತೀಚಿನ ವರ್ಷಗಳ ಸಂಶೋಧನೆ ಮತ್ತೆ ಮತ್ತೆ ಹೇಳುವುದೂ ಇದನ್ನೇ: ಯಾವ ಕೆಲಸ ಬರಬೇಕೋ ಆ ಕೆಲಸವನ್ನೇ, ಅದು ನಡೆಯುವ ಜಾಗದಲ್ಲೇ, ಸಾಕಷ್ಟು ಸಲ ಮಾಡಿಸಬೇಕು.

ಮೊದಲ ಕೆಲಸ ಏಳುವುದು. ತಂದೆ 20 ಸೆಂ.ಮೀ. ಎತ್ತರದ ಗಟ್ಟಿ ಬೆಂಚು ಮಾಡಿ, ಮೇಲೆ ಕೂರಿಸಲು 5 ಸೆಂ.ಮೀ. ದಪ್ಪದ ಎರಡು ಹಲಗೆ ಕೊಟ್ಟರು. ಜಾರದಂತೆ ಮೂಲೆಗೆ ಗೂಟ. 96 ಸೆಂ.ಮೀ. ಎತ್ತರದ ಹುಡುಗನಿಗೆ 30 ಸೆಂ.ಮೀ. ಬೆಂಚಿನಿಂದ ಏಳುವುದು ಸುಲಭ, 25 ಕಷ್ಟ, 20 ಬಹಳ ಕಷ್ಟ. ನೆಲದ ಮೇಲೆ ಶೇಡಿಯಿಂದ ಎರಡು ಪಾದದ ಗುರುತು ಬರೆದರು, ನಡುವೆ ಒಂದು ಗೇಣು. ಪಾದ ಮೊಣಕಾಲಿಗಿಂತ ಸ್ವಲ್ಪ ಹಿಂದಿರಬೇಕು, ಏಳುವ ಮುಂಚೆ ಮೂಗು ಕಾಲ್ಬೆರಳ ನೇರ ದಾಟಿ ಮುಂದೆ ಬರಬೇಕು. ಬರದಿದ್ದರೆ ಮಗು ಕೈಯಿಂದ ಎಳೆದುಕೊಂಡು ಹಿಂದಕ್ಕೆ ತಳ್ಳುತ್ತ ಏಳುತ್ತದೆ, ಬಿಗಿತ ಇನ್ನೂ ಹೆಚ್ಚುತ್ತದೆ. ಮುಂದೆ ಬಗ್ಗಿಸಲು ನೆಲದ ಬುಟ್ಟಿಯಿಂದ ಬಳಚಿನ ಚಿಪ್ಪು ಎತ್ತಿ ಎದುರಿನ ಕಟ್ಟೆಯ ಮೇಲಿನ ಬುಟ್ಟಿಗೆ ಹಾಕುವ ಆಟ, ಎಣಿಸುವವರು ಅಜ್ಜಿ. ಎಂಟು ಚಿಪ್ಪಿಗೆ ಒಂದು ಸುತ್ತು, ಎರಡು ನಿಮಿಷ ಬಿಡುವು, ಮೂರು ಸುತ್ತು, ದಿನ ಬಿಟ್ಟು ದಿನ. ಮೊಣಕಾಲು ಒಳಕ್ಕೆ ಬರುತ್ತದೆಂದು ಕೆಲವರು ನಡುವೆ ತೆಂಗಿನಕಾಯಿ ಇಡುತ್ತಾರೆ. ಮಗು ಅದನ್ನು ಒತ್ತಿ ಹಿಡಿಯಲು ಕಲಿಯುತ್ತದೆ, ಬಿಗಿಯಾದ ಸ್ನಾಯುವಿಗೇ ಕೆಲಸ ಹೆಚ್ಚುತ್ತದೆ. ಪಾದದ ಗುರುತು ಸಾಕು.

ಮೂರು ಸುತ್ತೂ ಸಲೀಸಾದ ಮೇಲೆ ಭಾರ. ಬಟ್ಟೆಯ ಅಂಗಿಗೆ ಹಿಂದೆ ಮುಂದೆ ಕಿಸೆ ಹೊಲಿದು, ಎರಡೂ ಕಡೆ 300 ಗ್ರಾಂ ಅಕ್ಕಿ. 13 ಕಿಲೋ ಮಗುವಿಗೆ ಇದು ಶೇ. 5ಕ್ಕಿಂತ ಕಡಿಮೆ, ಶುರುವಿಗೆ ಸರಿ. ಭಾರ ಹೆಚ್ಚಿಸಿದರೆ ಬಿಗಿತ ಹೆಚ್ಚುತ್ತದೆಂಬ ಹಳೆಯ ಭಯಕ್ಕೆ ಆಧಾರವಿಲ್ಲ; ಸ್ಪಾಸ್ಟಿಕ್ ಸ್ನಾಯು ಬಿಗಿ ಮಾತ್ರವಲ್ಲ, ಶಕ್ತಿಹೀನವೂ ಹೌದು.

ಕೂರುವ ರೀತಿಗೂ ಗಮನ ಬೇಕಾಯಿತು. ಎರಡೂ ಕಾಲು ಹಿಂದಕ್ಕೆ ಹೊರಳಿಸಿ ನಡುವೆ ಕುಂಡೆ ಊರಿ ಕೂರುತ್ತಿದ್ದ. ದಿನವಿಡೀ ‘ಹಾಗೆ ಕೂರಬೇಡ’ ಎಂದು ಗದರಿದರೆ ಪ್ರಯೋಜನವಿಲ್ಲ, ಏಕೆಂದರೆ ಬೇರೆ ರೀತಿ ಕೂತರೆ ಅವನಿಗೆ ಬೆನ್ನು ನಿಲ್ಲುವುದಿಲ್ಲ. ಕಾಲು ಚಾಚಿದರೂ ಚಕ್ಕಳ ಮಕ್ಕಳ ಹಾಕಿದರೂ ತೊಡೆಯ ಹಿಂದಿನ ಸ್ನಾಯು ಸೊಂಟವನ್ನು ಹಿಂದಕ್ಕೆಳೆದು ಬೆನ್ನು ಗೂನಾಗುತ್ತದೆ. ಊಟದ ಮಣೆಯನ್ನೇ 10 ಸೆಂ.ಮೀ. ಎತ್ತರಿಸಿ ಅದರ ಮೇಲೆ ಕೂರಿಸಿದಾಗ ಎಳೆತ ತಗ್ಗಿತು, ಎರಡೂ ಕೈ ಊಟಕ್ಕೆ ಬಿಡುವಾದವು.

ವಾಕರ್ ಮತ್ತು ಅಂಗಳ

ಮನೆಯಲ್ಲಿದ್ದದ್ದು ಪೈಪಿನಿಂದ ಮಾಡಿದ, ಎದುರಿಗೆ ತಳ್ಳುವ ವಾಕರ್, ಹಿಡಿ 58 ಸೆಂ.ಮೀ. ಎತ್ತರದಲ್ಲಿ. ಅದರ ಮೇಲೆ ಜೋತುಬಿದ್ದು, ಭುಜ ಕಿವಿಗೆ ತಾಗಿಸಿ, ಸೊಂಟ ಹಿಂದೆ ಬಿಟ್ಟು ಸಾಗುತ್ತಿದ್ದ. ಬದಲಿಗೆ ಬೆನ್ನ ಹಿಂದೆ ಬರುವ ವಾಕರ್ ತರಿಸಿ, ಹಿಡಿಯನ್ನು 48 ಸೆಂ.ಮೀ.ಗೆ ಇಳಿಸಿದಾಗ ಮೊಣಕೈ ಸ್ವಲ್ಪವೇ ಬಾಗಿ ಬೆನ್ನು ತಾನಾಗಿ ನೆಟ್ಟಗಾಯಿತು. ಹಿಂದಿನ ಗಾಲಿ ಹಿಮ್ಮುಖ ತಿರುಗದಂತೆ ತಡೆ ಇರುವುದನ್ನೇ ಕೊಳ್ಳಬೇಕು, ಇಲ್ಲದಿದ್ದರೆ ಮಗು ನಿಂತಾಗ ವಾಕರ್ ಹಿಂದಕ್ಕೆ ಓಡುತ್ತದೆ. ಸಣ್ಣ ಗಾಲಿ ಮನೆಯೊಳಗೆ ಸಾಕು; ಮರಳು, ಚಿರೆಕಲ್ಲಿನ ಹುಡಿ ಇರುವ ಅಂಗಳದಲ್ಲಿ ಹೂತುಹೋಗುತ್ತದೆ. 12 ಸೆಂ.ಮೀ.ಗೆ ಕಡಿಮೆಯಿಲ್ಲದ ರಬ್ಬರ್ ಗಾಲಿ ಬೇಕು.

ಜಗಲಿಯಿಂದ ಅಂಗಳಕ್ಕೆ ಎರಡು ಮೆಟ್ಟಿಲು, ಒಂದೊಂದೂ 18 ಸೆಂ.ಮೀ. ಅವನ ಮೊಣಕಾಲಿಗೆ ಅದು ಗೋಡೆಯಷ್ಟು. ಚಿರೆಕಲ್ಲನ್ನು ಅರ್ಧ ಎತ್ತರಕ್ಕೆ ಕೆತ್ತಿಸಿ ನಡುವೆ ಮೆಟ್ಟಿಲು ಸೇರಿಸಿದರು. ಹಿಡಿಕೆಗೆ ತಂದೆ ಬೋಟಿನ ಹಗ್ಗ ಕಟ್ಟಲು ಹೊರಟಿದ್ದರು. ಹಗ್ಗ ಓಲಾಡುತ್ತದೆ, ಓಲಾಡಿದ್ದನ್ನು ಹಿಡಿದ ಮಗು ಮೈಯೆಲ್ಲ ಬಿಗಿ ಮಾಡುತ್ತದೆ. ಕೊನೆಗೆ ಅಡಿಕೆ ಮರದ ಗಳ ಹೂಳಿದರು. ಅಂಥವೇ ಎರಡು ಗಳಗಳನ್ನು 40 ಸೆಂ.ಮೀ. ಅಂತರದಲ್ಲಿ ಮೂರು ಮೀಟರ್ ಉದ್ದಕ್ಕೆ ಜಗಲಿಯೊಳಗೆ ಕಟ್ಟಿದ್ದು ಮಳೆಗಾಲದ ನಡಿಗೆಗೆ. ಹೊರಗೆ ಕಟ್ಟಿದರೆ ಜುಲೈಗೆ ಪಾಚಿ.

ಬಚ್ಚಲಿನದು ಬೇರೆ ಸಮಸ್ಯೆ. ಕುಕ್ಕರುಗಾಲಲ್ಲಿ ಕೂರಲು ಪಾದ ಚೆನ್ನಾಗಿ ಮಡಚಬೇಕು, ಇಲ್ಲದಿದ್ದರೆ ಮಗು ಹಿಂದಕ್ಕೆ ಉರುಳುತ್ತದೆ. ಮಕ್ಕಳ ಪ್ಲಾಸ್ಟಿಕ್ ಕುರ್ಚಿಯ ನಡುವೆ ರಂಧ್ರ ಕೊರೆದು ಅಂಚಿಗೆ ಸೀಳಿದ ರಬ್ಬರ್ ಪೈಪ್ ಹಾಕಿ, ಗೋಡೆಗೆ 45 ಸೆಂ.ಮೀ. ಎತ್ತರದಲ್ಲಿ ಜಿಐ ಪೈಪ್ ಹಿಡಿಕೆ ಕೂರಿಸಿದ್ದಕ್ಕೆ ಹೆಚ್ಚು ಖರ್ಚಾಗಲಿಲ್ಲ. ಗುರಿಗಳಲ್ಲಿ ಮೊದಲು ಈಡೇರಿದ್ದು ಅದೇ.

ಸೊಂಟದ ಎಕ್ಸ್‌ರೇ

ನಾಲ್ಕು ವರ್ಷದ ತನಕ ಈ ಮಗುವಿನ ಸೊಂಟದ ಎಕ್ಸ್‌ರೇ ಒಮ್ಮೆಯೂ ತೆಗೆದಿರಲಿಲ್ಲ. ನೋವಿಲ್ಲ, ಯಾಕೆ ಎಂದು ಎಲ್ಲರೂ ಬಿಟ್ಟಿದ್ದರು. ಸಿಪಿ ಮಕ್ಕಳ ತೊಡೆಮೂಳೆಯ ತಲೆ ಗುಳಿಯಿಂದ ಜಾರುವಾಗ ಮೊದಮೊದಲು ನೋಯುವುದೇ ಇಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದನೇ ಹಂತದವರಲ್ಲಿ ಯಾರಿಗೂ ಸೊಂಟ ಜಾರಿರಲಿಲ್ಲ, ಮೂರನೇ ಹಂತದಲ್ಲಿ ಶೇ. 41, ಐದನೇ ಹಂತದಲ್ಲಿ ಶೇ. 90. ತಲೆಯ ಎಷ್ಟು ಪಾಲು ಗುಳಿಯ ಅಂಚಿನ ಹೊರಗಿದೆ ಎಂಬುದನ್ನು ಶೇಕಡಾವಾರು ಅಳೆಯುತ್ತಾರೆ; 30 ದಾಟಿದರೆ ಮೂಳೆ ತಜ್ಞರಿಗೆ. ಇವನದು ಜನವರಿಯಲ್ಲಿ ಬಲ 28, ಎಡ 22. ಜುಲೈಯಲ್ಲಿ 29 ಮತ್ತು 23. ಒಂದು ಅಂಶದ ವ್ಯತ್ಯಾಸ ಅಳತೆಯ ಏರುಪೇರಿನೊಳಗಿನದು, ಆದರೆ ಬಲಗಡೆ ಗಡಿಯಲ್ಲೇ ಇರುವುದರಿಂದ ಆರು ತಿಂಗಳಿಗೊಮ್ಮೆ ತೆಗೆಸುವುದನ್ನು ಬಿಡುವಂತಿಲ್ಲ. ಎಕ್ಸ್‌ರೇ ತೆಗೆಯುವಾಗ ಸೊಂಟ ಓರೆಯಾಗದೆ, ಕಾಲು ಕತ್ತರಿಯಾಗದೆ, ಮಂಡಿಚಿಪ್ಪು ಮೇಲ್ಮುಖವಾಗಿ ಇರಬೇಕು. ಇಲ್ಲದಿದ್ದರೆ ಹಿಂದಿನದಕ್ಕೆ ಹೋಲಿಸಲು ಬರುವುದಿಲ್ಲ.

ಇದಕ್ಕಾಗಿಯೇ ದಿನಕ್ಕೆ ಒಂದು ತಾಸು ಕಾಲು ಅಗಲಿಸಿ ನಿಲ್ಲುವುದು. ಮೂರು ಮರದ ಪಟ್ಟಿ ಸೇರಿಸಿ ಹೊಲಿದ ಬಟ್ಟೆಯ ಗೇಟರ್ ಮೊಣಕಾಲಿಗೆ ಸುತ್ತಿ, ಜಗಲಿ ಕಟ್ಟೆಗೆ ಎದೆ ತಾಗಿಸಿ, ಒಂದು ಕಾಲು ಒಂದು ಕಡೆ ಇನ್ನೊಂದು ಇನ್ನೊಂದು ಕಡೆ ಬರುವಂತೆ ನಡುವೆ ಹಲಗೆಯ ಡಬ್ಬಿ. ಎರಡು ಕಂತು, ಅರ್ಧರ್ಧ ತಾಸು. ಅಜ್ಜಿ ಸೊಂಟದ ಮೇಲೆ ಕೂರಿಸಿಕೊಳ್ಳುವಾಗಲೂ ಕಾಲು ಅಗಲವಾಗುತ್ತದೆ, ಅದು ಒಳ್ಳೆಯದೇ. ಆದರೆ ಎತ್ತಿಕೊಂಡಷ್ಟು ಹೊತ್ತು ಮಗು ನಡೆಯುವುದಿಲ್ಲ ಎಂಬುದೂ ನಿಜ.

ಜೂನ್, ಜುಲೈ, ಆಗಸ್ಟ್

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ, 61 ದಿನ. ತಂದೆ ಮನೆಯಲ್ಲಿರುತ್ತಾರೆ. ಮಳೆಗೆ ಬಸ್ಸು ಹಿಡಿದು ಹೊರಟರೆ ಅರ್ಧ ದಿನ ಹೋಗುತ್ತದೆ, ಕಾರವಾರ ಸುಮಾರು 70 ಕಿ.ಮೀ. ಹಾಗಾಗಿ ತೀವ್ರ ಅಭ್ಯಾಸದ ಎಂಟು ವಾರವನ್ನು ಆಗಲೇ ಇಟ್ಟುಕೊಂಡದ್ದು, ಮನೆಯಲ್ಲೇ, ವಾರಕ್ಕೆ ಐದು ದಿನ. ಥೆರಪಿಸ್ಟ್ ಹದಿನೈದು ದಿನಕ್ಕೊಮ್ಮೆ ಬರುವುದು, ನಡುವೆ ವಿಡಿಯೋ. ವಿಡಿಯೋ ಹೇಗಿರಬೇಕೆಂಬುದನ್ನೂ ಹೇಳಿಕೊಡಬೇಕಾಗುತ್ತದೆ: ಮೊಬೈಲ್ ಮಗುವಿನ ಮೊಣಕಾಲ ಎತ್ತರದಲ್ಲಿ, ಬದಿಯಿಂದ ಎಂಟು ಹೆಜ್ಜೆ, ಎದುರಿನಿಂದ ಎಂಟು ಹೆಜ್ಜೆ, ಚಡ್ಡಿ ಮೊಣಕಾಲ ಮೇಲೆ. ನಿಂತು ಮೇಲಿನಿಂದ ತೆಗೆದರೆ ಹಿಮ್ಮಡಿ ಕಾಣುವುದೇ ಇಲ್ಲ.

ತಾಯಿಯ ಬೆನ್ನುನೋವು ಆ ಹೊತ್ತಿಗೆ ಗೊತ್ತಾಯಿತು. ದಿನಕ್ಕೆ ಇಪ್ಪತ್ತು ಮೂವತ್ತು ಸಲ ನೆಲದಿಂದ 13 ಕಿಲೋ ಎತ್ತುತ್ತಿದ್ದರು, ಯಾರೂ ಕೇಳಿರಲಿಲ್ಲ. ಎತ್ತುವ ಬದಲು ಬೆಂಚಿನವರೆಗೆ ಅವನೇ ಹತ್ತುವಂತೆ ಮಾಡಿದಾಗ ಅವರಿಗೂ ಬಿಡುವು, ಅವನಿಗೂ ಅಭ್ಯಾಸ.

ಆಗಸ್ಟ್‌ನಲ್ಲಿ ಹಿನ್ನಡೆ. ಜ್ವರ ಬಂದು ಹನ್ನೆರಡು ದಿನ ಎಲ್ಲ ನಿಂತಿತು. ಮತ್ತೆ ಎಎಫ್‌ಒ ಹಾಕುವ ಆತುರದಲ್ಲಿ ಅರೆ ಒಣಗಿದ ಕಾಲುಚೀಲ ತೊಡಿಸಿದ್ದರು. ಬೆರಳ ಸಂದಿಯಲ್ಲಿ ಶಿಲೀಂಧ್ರ, ಎಡಪಾದದಲ್ಲಿ ಸಿಪ್ಪೆ ಎದ್ದ ಗಾಯ. ಗಾಯ ಮಾಯುವವರೆಗೆ ಹತ್ತು ದಿನ ಬರಿಗಾಲು, ರಾತ್ರಿ ಮಾತ್ರ ಪ್ಲಾಸ್ಟರಿನ ಹೋಳು. ಆಮೇಲೆ ಮತ್ತೆ ಒಂದು ತಾಸಿನಿಂದ ಶುರು. ಮಳೆಗಾಲಕ್ಕೆ ಹತ್ತಿಯ ಚೀಲ ಆರು ಜೊತೆಯಾದರೂ ಬೇಕು, ಮಧ್ಯಾಹ್ನ ಒಮ್ಮೆ ಬದಲಿಸಬೇಕು, ಒಲೆಯ ಮೇಲಿನ ಬಳ್ಳಿಗೆ ಹಾಕಿ ಪೂರ್ತಿ ಒಣಗಿಸಬೇಕು. ಎಎಫ್‌ಒವನ್ನು ಮಾತ್ರ ಒಲೆಯ ಹತ್ತಿರ ಇಡಬಾರದು, ಬಿಸಿಗೆ ಆಕಾರ ಕೆಡುತ್ತದೆ.

ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಇದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮೊದಲು ಮಾಡಿಸಿದರೆ ಉಳಿದದ್ದು ಸುಲಭ. ಅದಾದ ಮೇಲೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ, ಒಂದು ಲಕ್ಷ ರೂಪಾಯಿವರೆಗೆ. ಥೆರಪಿಯ ಖರ್ಚಿಗೂ ಅದರಲ್ಲಿ ಅವಕಾಶವಿದೆ. ಗ್ರಾಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೇ ಅರ್ಜಿ ತುಂಬಲು ನೆರವಾಗುತ್ತಾರೆ. ಶಾಲೆಗೆ ಸೇರುವ ವರ್ಷ ಬ್ಲಾಕ್ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರನ್ನು ಮುಂಚೆಯೇ ಕಂಡು ಶೌಚಾಲಯ, ಇಳಿಜಾರು, ಬೆಂಚಿನ ಎತ್ತರದ ಮಾತಾಡಿಟ್ಟರೆ ಜೂನ್‌ನಲ್ಲಿ ಪರದಾಡಬೇಕಿಲ್ಲ.

ಅಕ್ಟೋಬರ್ ಅಳತೆ

ನಿಲ್ಲುವ ಕೌಶಲಗಳಿಗೆ, ಚಲನಶಕ್ತಿಗೆ ಅಂಕ ಕೊಡುವ ಜಿಎಂಎಫ್‌ಎಂ ಪಟ್ಟಿಯಲ್ಲಿ 39ಕ್ಕೆ 12 ಇದ್ದದ್ದು 19 ಆಗಿತ್ತು, ನಡೆಯುವ–ಹತ್ತುವ ಕೌಶಲಗಳಿಗೆ 72ಕ್ಕೆ 10 ಇದ್ದದ್ದು 17. 25 ಸೆಂ.ಮೀ. ಬೆಂಚಿನಿಂದ ಕೈ ಊರದೆ ಒಮ್ಮೆಯೂ ಏಳದಿದ್ದವನು ಎಂಟು ಸಲ ಎದ್ದ. ಮಲಗುವ ಕೋಣೆಯಿಂದ ಬಚ್ಚಲಿಗೆ 12 ಮೀಟರ್, ವಾಕರ್ ಹಿಡಿದು ತಾನೇ 40 ಸೆಕೆಂಡು. ಮೆಟ್ಟಿಲಿಗೆ ಇನ್ನೂ ಒಬ್ಬರ ಕೈ ಬೇಕು. 300 ಮೀಟರ್ ದೂರದ ಅಂಗನವಾಡಿಗೆ ತಾಯಿ ಕರೆದೊಯ್ಯುತ್ತಾರೆ, ಬಾಗಿಲಿನಿಂದ ಒಳಗೆ ಅವನೇ ನಡೆಯುತ್ತಾನೆ. ಹಂತ ಮೂರೇ, ಅದು ಬದಲಾಗುವ ನಿರೀಕ್ಷೆ ಮೊದಲೂ ಇರಲಿಲ್ಲ.

ಮೊಣಕಾಲು ನೇರವಿದ್ದಾಗ ಬಲಪಾದ ಲಂಬ ದಾಟಿ ಮೂರು ಡಿಗ್ರಿ, ಎಡಪಾದ ಐದು. ಪ್ಲಾಸ್ಟರ್ ಬಿಚ್ಚಿದ ದಿನಕ್ಕಿಂತ ಬಲಗಡೆ ಎರಡು ಇಳಿದಿದೆ. ಈ ಎಂಟು ತಿಂಗಳಲ್ಲಿ ನಾಲ್ಕು ಸೆಂ.ಮೀ. ಎತ್ತರವಾಗಿದ್ದಾನೆ, ಸ್ನಾಯು ಅಷ್ಟು ಉದ್ದವಾಗಿಲ್ಲ. ಸೊನ್ನೆಗೆ ಇಳಿದರೆ ಡಿಸೆಂಬರಿನಲ್ಲಿ ಮತ್ತೆ ಪ್ಲಾಸ್ಟರ್. ಕಾಲ್ಬೆರಳು ಎಎಫ್‌ಒ ಅಂಚು ದಾಟಿ ಹೊರಬಂದಿದ್ದರಿಂದ ಹೊಸ ಅಚ್ಚಿಗೆ ಹೋದಾಗ ತಾಯಿ ಮಗುವನ್ನು ಮಲಗಿಸಿ, ಹಿಮ್ಮಡಿಯನ್ನು ತಾವೇ ಅಂಗೈಯಲ್ಲಿ ಹಿಡಿದು ತೋರಿಸಿದರು: ‘‘ಹೀಗೆ ಹಿಡ್ದು ಅಳೀರಿ, ಮೊಣಕಾಲು ನೆಟ್ಟಗಿರ್ಲಿ.’’ ಅಚ್ಚಿನ ಮೇಲೆ ಪೆನ್ಸಿಲಿನಿಂದ ಬರೆದುಕೊಂಡದ್ದು ಬಲ ಮೂರು, ಎಡ ಐದು.